ಸೂಕ್ಷ್ಮತರಂಗಗಳೂ ರಕ್ತದ ಸಕ್ಕರೆಯೂ

ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಸುಮಾರು ಐದು ಲೀಟರುಗಳಷ್ಟು ರಕ್ತವಿರುವುದೆಂದು ನೀವು ಶರೀರಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಅಷ್ಟು ರಕ್ತದಲ್ಲಿ ಕರಗಿರುವ ಸಕ್ಕರೆ ಎಷ್ಟೆಂದು ಕೇಳಿದರೆ ನಿಮ್ಮಲ್ಲಿ ಅನೇಕರು ಒಂದು ಬಟ್ಟಲು, ಎರಡು ಬಟ್ಟಲು ಎಂದು ಹೇಳಿಯಾರು. ನಿಜವಾಗಿ ಅದು ಸುಮಾರು ಐದು ಗ್ರಾಂ ಮಾತ್ರ. ಚಹದ ಚಮಚದಲ್ಲಿ ಒಂದು ಚಮಚದಷ್ಟು. ಆರೋಗ್ಯವಂತನು ರಾತ್ರಿ ಉಂಡು ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿರುವಾಗ ಪರೀಕ್ಷಿಸಿದರೆ ಅವನ ರಕ್ತದ ಒಂದು ಡೆಸಿಲೀಟರಿನಲ್ಲಿ, ಎಂದರೆ ಲೀಟರಿನ ಹತ್ತನೆಯ ಒಂದು ಭಾಗದಲ್ಲಿ, 70ರಿಂದ 100 ಮಿಲಿಗ್ರಾಂ ಸಕ್ಕರೆ ಇರುತ್ತದೆ. ಇದು ನಾವು ಚಹಕ್ಕೆ ಹಾಕಿಕೊಳ್ಳುವ ಕಬ್ಬಿನ ಸಕ್ಕರೆಯಲ್ಲ. ದ್ರಾಕ್ಷಿಯಲ್ಲಿ ಹೇರಳವಾಗಿರುವ ಗ್ಲೂಕೋಸ್ ಎಂಬ ಸಕ್ಕರೆ. ನಾವು ಉಣ್ಣುವ ಅನ್ನ, ರೊಟ್ಟಿ, ಪಾವುಗಳೆಲ್ಲ ಜೀರ್ಣವಾದ ಮೇಲೆ ಬಹುಭಾಗ ಈ ರೂಪವನ್ನೇ ತಾಳಿ ರಕ್ತವನ್ನು ಸೇರುತ್ತವೆ. ಮಿದುಳಿಗೆ ಇದು ಇಲ್ಲದೆ ನಡೆಯದು.

ಈ ಒಂದು ಚಮಚದ ಲೆಕ್ಕ ತಪ್ಪಿದರೆ ಅನರ್ಥ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸವು ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಕಳಿಸಿ ಅದರ ಪ್ರಮಾಣವನ್ನು ಹದದಲ್ಲಿಡುತ್ತದೆ. ಆ ರಸ ಸಾಲದಾದರೆ, ಅಥವಾ ಇದ್ದೂ ಅದರ ಮಾತು ನಡೆಯದೆ ಹೋದರೆ, ಸಕ್ಕರೆ ರಕ್ತದಲ್ಲಿಯೇ ಉಳಿದು ಬೆಳೆಯುತ್ತದೆ. ಇದೇ ಮಧುಮೇಹ. ಬರಿಯ ಹೊಟ್ಟೆಯ ಪರೀಕ್ಷೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕೂ ಮೇಲಾಗಿದ್ದರೆ ವೈದ್ಯರು ಈ ರೋಗವನ್ನು ಶಂಕಿಸಿ ಮತ್ತೊಮ್ಮೆ ಪರೀಕ್ಷಿಸಿ ನಿಶ್ಚಯಿಸುತ್ತಾರೆ. ಹಲವು ವರ್ಷ ಹೆಚ್ಚಿದ ಸಕ್ಕರೆ ಕಣ್ಣನ್ನೂ ಮೂತ್ರಪಿಂಡವನ್ನೂ ಕಾಲಿನ ನರಗಳನ್ನೂ ಮೆಲ್ಲಮೆಲ್ಲಗೆ ಕೆಡಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ನಿಮ್ಮ ಚಾಳಿನಲ್ಲಿ, ಕಟ್ಟಡದಲ್ಲಿ, ಬಹುಶಃ ನಿಮ್ಮ ಮನೆಯಲ್ಲಿಯೇ ಅಜ್ಜನೋ ಅತ್ತೆಯೋ ಈ ಲೆಕ್ಕಕ್ಕೆ ಸೇರಿದವರಾಗಿರಬಹುದು.

ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬಿಬ್ಬರು ಇನ್ಸುಲಿನ್ನನ್ನು ಪ್ರಾಣಿಗಳ ಗ್ರಂಥಿಯಿಂದ ತೆಗೆಯುವ ಬಗೆಯನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲಬಾರಿಗೆ ಕೊಟ್ಟರು. ಅಲ್ಲಿಯವರೆಗೆ ಮಕ್ಕಳಿಗೆ ಬರುವ ಮಧುಮೇಹವೆಂದರೆ ಮರಣವೆಂದೇ ಅರ್ಥವಿದ್ದಿತು. ಆದರೆ ಇನ್ಸುಲಿನ್ ಎರಡು ಅಲಗಿನ ಕತ್ತಿ. ಪ್ರಮಾಣ ಮೀರಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಮೈ ಬೆವರುತ್ತದೆ, ಕೈ ನಡುಗುತ್ತದೆ, ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ಆದುದರಿಂದ ಇನ್ಸುಲಿನ್ ತೆಗೆದುಕೊಳ್ಳುವವನು ಮೊದಲು ತನ್ನ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅಳೆದು ತಿಳಿಯಬೇಕು. ಔಷಧ ದೊರೆತಂದಿನಿಂದ ಅಳತೆಯ ಪ್ರಶ್ನೆ ಪ್ರಾಣದ ಪ್ರಶ್ನೆಯಾಯಿತು.

ಅಳತೆಯ ಕಥೆ ಬಹು ಹಳೆಯದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಮಧುಮೇಹ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ರೋಗಿಯ ಮೂತ್ರವನ್ನು ಇಂಗಿಸಿ ಉಳಿದದ್ದು ಸಕ್ಕರೆಯೇ ಎಂದು 1776ರಲ್ಲಿ ಪ್ರಕಟಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಬೆನೆಡಿಕ್ಟ್ ದ್ರಾವಣವನ್ನು ನಿಮ್ಮಲ್ಲಿ ಮೇಲಿನ ತರಗತಿಯವರು ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಮೈಲುತುತ್ತದ ನೀಲಿ ಬಣ್ಣದ ಆ ದ್ರಾವಣವನ್ನು ಸಕ್ಕರೆಯೊಡನೆ ಕಾಯಿಸಿದರೆ ಹಸುರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬರುವುದಷ್ಟೆ. ಬಹುಕಾಲ ಮನೆಮನೆಗಳಲ್ಲಿ ಮೂತ್ರವನ್ನು ಹೀಗೆಯೇ ಪರೀಕ್ಷಿಸುತ್ತಿದ್ದರು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಹೊರತು ಮೂತ್ರಪಿಂಡಗಳು ಅದನ್ನು ಹೊರಕ್ಕೆ ಬಿಡವು. ಸಕ್ಕರೆ 150 ಇದ್ದರೂ 50 ಇದ್ದರೂ ಮೂತ್ರದ ಪರೀಕ್ಷೆ ಒಂದೇ ನೀಲಿಯನ್ನು ತೋರಿಸೀತು. ಅಪಾಯವಿರುವ ಕಡೆಗೇ ಅದು ಕುರುಡು.

ರಕ್ತವನ್ನೇ ನೋಡಬೇಕೆಂದಾಯಿತು. 1962ರಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್ ಮತ್ತು ಲಯನ್ಸ್ ಎಂಬುವರು ಕಿಣ್ವವನ್ನು ವಿದ್ಯುದಗ್ರಕ್ಕೆ ಜೋಡಿಸುವ ಉಪಾಯವನ್ನು ಸೂಚಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಬೇರೆ ಸಕ್ಕರೆಗಳನ್ನು ಹೆಚ್ಚಾಗಿ ಲಕ್ಷಿಸದೆ ಗ್ಲೂಕೋಸನ್ನು ಆರಿಸಿ ಉತ್ಕರ್ಷಿಸುತ್ತದೆ. ಆಗ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡನ್ನು ವಿದ್ಯುತ್ತಿನಿಂದ ಅಳೆದರೆ ಸಕ್ಕರೆಯನ್ನು ಅಳೆದಂತೆಯೇ. 1965ರಲ್ಲಿ ರಕ್ತದ ಹನಿ ಬಿದ್ದರೆ ಬಣ್ಣ ತಿರುಗುವ ಪಟ್ಟಿ ಬಂದಿತು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಅಂಗೈಯಗಲದ ಯಂತ್ರ ಈ ವಂಶದ್ದೇ. ಕಿಣ್ವದ ಗುಣವನ್ನು ನೀವು ನೆನಪಿನಲ್ಲಿಡಬೇಕು: ಅದು ಗ್ಲೂಕೋಸನ್ನು ಹೆಸರು ಹಿಡಿದು ಕರೆಯಬಲ್ಲದು. ಮುಂದೆ ಹೇಳಲಿರುವ ತರಂಗಗಳಿಗೆ ಆ ಶಕ್ತಿಯಿಲ್ಲ. ಕಷ್ಟವೆಲ್ಲ ಹುಟ್ಟಿರುವುದು ಇಲ್ಲಿಯೇ.

ಯಂತ್ರ ಚಿಕ್ಕದಾದರೂ ಹನಿ ರಕ್ತ ಬೇಕೇ ಬೇಕು. ಹನಿ ರಕ್ತಕ್ಕೆ ಬೆರಳನ್ನು ಚುಚ್ಚಲೇ ಬೇಕು. ದಿನಕ್ಕೆ ನಾಲ್ಕು ಸಲವೆಂದರೆ ವರ್ಷಕ್ಕೆ 1,460 ಸಲ. ಊಟದ ಬಿಡುವಿನಲ್ಲಿ ಗೆಳೆಯರು ಡಬ್ಬಿ ಬಿಚ್ಚುವಾಗ ಒಂದು ಮೂಲೆಯಲ್ಲಿ ಕುಳಿತು ಬೆರಳು ಚುಚ್ಚಿಕೊಳ್ಳುವ ಹುಡುಗಿಯನ್ನು ನಾನು ಬಲ್ಲೆ. ನೋವಿಗಿಂತ ಇತರರು ನೋಡುವ ನೋಟವೇ ಆಕೆಗೆ ಹೆಚ್ಚು ಚುಚ್ಚುತ್ತಿತ್ತೆಂದು ತೋರುತ್ತದೆ. ತೋಳಿನ ಚರ್ಮದಡಿ ಕೂದಲೆಳೆಯಂಥ ತಂತಿಯನ್ನು ಇಳಿಸಿ ಹತ್ತು ಹದಿನೈದು ದಿನ ಅಲ್ಲಿಯೇ ಬಿಟ್ಟು ನಿರಂತರವಾಗಿ ಅಳೆಯುವ ಬಿಲ್ಲೆಗಳು ಈಗ ಬಂದಿವೆ. ಮೊದಲನೆಯದಕ್ಕೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ದೊರೆಯಿತು. ಅವು ಬಹಳ ಉಪಕಾರಿ. ಆದರೂ ಚುಚ್ಚುವುದು ತಪ್ಪಲಿಲ್ಲ, ಬೆಲೆಯೂ ಎಲ್ಲರ ಕೈಗೆ ಎಟಕುವಂತಿಲ್ಲ.

ಚರ್ಮವನ್ನು ಭೇದಿಸದೆಯೇ ಒಳಗಿನ ಸಕ್ಕರೆಯನ್ನು ಅರಿಯುವ ದಾರಿಯಿಲ್ಲವೆ? ಇದಕ್ಕಾಗಿ ಬೆಳಕು, ಧ್ವನಿ, ಬೆವರು, ಕಣ್ಣೀರು ಎಂದು ನಾನಾ ಮಾರ್ಗಗಳನ್ನು ವಿಜ್ಞಾನಿಗಳು ಹಿಡಿದಿದ್ದಾರೆ. ಅವುಗಳಲ್ಲಿ ಸೂಕ್ಷ್ಮತರಂಗಗಳ ಮಾರ್ಗವೊಂದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ. ಅದರಲ್ಲಿ ನಿಮ್ಮ ಭೌತಶಾಸ್ತ್ರದ ಪುಸ್ತಕದಾಚೆ ಹೋಗಬೇಕಾದುದು ಅಷ್ಟೇನೂ ಇಲ್ಲ.

ರೇಡಿಯೊ ತರಂಗ, ಬೆಳಕು, ಕ್ಷ-ಕಿರಣಗಳೆಲ್ಲ ವಿದ್ಯುತ್ಕಾಂತ ತರಂಗಗಳೆಂಬ ಒಂದೇ ಕುಲಕ್ಕೆ ಸೇರಿದವು. ಅವುಗಳಲ್ಲಿ ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ತರಂಗದೂರವುಳ್ಳವನ್ನು ಸೂಕ್ಷ್ಮತರಂಗಗಳೆಂದು ಕರೆಯುವುದು ರೂಢಿ. ರೇಡಿಯೊ ತರಂಗಗಳಿಗಿಂತ ಚಿಕ್ಕವಾದುದರಿಂದ ಈ ಹೆಸರೇ ಹೊರತು ಸೂಕ್ಷ್ಮದರ್ಶಕಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮನೆಯ ವೈಫೈ, ಜೇಬಿನ ಮೊಬೈಲು, ಅಡುಗೆಮನೆಯ ಮೈಕ್ರೊವೇವ್ ಒಲೆ ಎಲ್ಲವೂ ಇವುಗಳಿಂದಲೇ ಕೆಲಸ ಮಾಡುತ್ತವೆ. ಇವುಗಳ ಅಭ್ಯಾಸದಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವರು ನಮ್ಮ ಜಗದೀಶಚಂದ್ರ ಬೋಸರು. 1894-95ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೈಯಾರೆ ಮಾಡಿಕೊಂಡ ಉಪಕರಣಗಳಿಂದ ಅವರು ಕೆಲವೇ ಮಿಲಿಮೀಟರುಗಳ ತರಂಗಗಳನ್ನು ಹುಟ್ಟಿಸಿದರು. ಅಷ್ಟೇ ಅಲ್ಲ, ಗಂಧಕದೊಳಗೆ ಆ ತರಂಗಗಳು ಎಷ್ಟು ಬಾಗುತ್ತವೆಂದು ಅಳೆದು ಅದರ ವಕ್ರೀಭವನಾಂಕವನ್ನು ನಿರ್ಣಯಿಸಿದರು. ಗಂಧಕದ ಜಾಗದಲ್ಲಿ ಸಕ್ಕರೆ ಬೆರೆತ ರಕ್ತವನ್ನಿಟ್ಟು ನೋಡಿ, ನಮ್ಮ ಪ್ರಶ್ನೆಯೇ ಆಯಿತು.

ತರಂಗವನ್ನು ಒಂದು ವಸ್ತು ಎಷ್ಟು ನಿಧಾನಗೊಳಿಸುವುದೆಂಬುದು ಅದರ ಪರಾವೈದ್ಯುತ ಸ್ಥಿರಾಂಕವನ್ನು ಅವಲಂಬಿಸಿದೆ. ಹೆಸರು ದೊಡ್ಡದಾದರೂ ಅರ್ಥ ಸರಳ. ಹೊರಗಿನಿಂದ ಬಂದ ವಿದ್ಯುತ್ ಕ್ಷೇತ್ರಕ್ಕೆ ಒಳಗಿನ ಅಣುಗಳು ಎಷ್ಟರಮಟ್ಟಿಗೆ ತಲೆಬಾಗುತ್ತವೆಂಬುದರ ಅಳತೆ ಅದು. ಶೂನ್ಯಕ್ಕೆ ಅದು 1. ಗಾಳಿಗೂ ಹೆಚ್ಚು ಕಡಿಮೆ 1. ನೀರಿಗೆ ಮಾತ್ರ 80ರ ಸಮೀಪ! ಕಾರಣವೇನೆಂದರೆ ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಋಣ, ಜಲಜನಕದ ಕಡೆ ಧನ ಎಂದು ವಿದ್ಯುತ್ತು ಒಂದಷ್ಟು ಹಂಚಿಹೋಗಿದೆ. ಆದ್ದರಿಂದ ದಿಕ್ಸೂಚಿಯ ಮುಳ್ಳು ಕಾಂತಕ್ಕೆ ತಿರುಗುವಂತೆ ಆ ಅಣು ವಿದ್ಯುತ್ ಕ್ಷೇತ್ರಕ್ಕೆ ತಿರುಗುತ್ತದೆ. ಇಂಥ ಅಣುಗಳ ಸಿದ್ಧಾಂತವನ್ನು ಬೆಳೆಸಿದ ಪೀಟರ್ ಡಿಬೈ ಎಂಬ ವಿಜ್ಞಾನಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂದಿತು. ಒಲೆಯ ತರಂಗಗಳು ನೀರಿನ ಅಣುವಿನ 'ಸ್ವಂತ ಸ್ವರ'ಕ್ಕೆ ಹೊಂದಿಕೊಂಡು ಕಾಯಿಸುತ್ತವೆಂದು ಅನೇಕರು ಬರೆಯುವುದುಂಟು. ಅದು ಸರಿಯಲ್ಲ. ಒಲೆಯ ಕ್ಷೇತ್ರವು ಸೆಕೆಂಡಿಗೆ 245 ಕೋಟಿ ಸಲ ಆಂದೋಲಿಸುತ್ತದೆ. ನೀರಿನ ಅಣುಗಳು ಅದರೊಡನೆ ತಿರುಗಲು ಹೋಗಿ ಒಂದನ್ನೊಂದು ತಳ್ಳಾಡಿ ತುಸು ಹಿಂದೆ ಬೀಳುತ್ತವೆ. ಆ ಗದ್ದಲವೇ ಶಾಖ. ದ್ರವರೂಪದ ನೀರಿಗೆ ಅಲ್ಲಿ ಯಾವ ನಿರ್ದಿಷ್ಟ ಸ್ವರವೂ ಇಲ್ಲ. ಗ್ಲೂಕೋಸಿಗೂ ಇಲ್ಲ. ಇದ್ದಿದ್ದರೆ ಆ ಸ್ವರವನ್ನು ಹುಡುಕಿ ಸಕ್ಕರೆಯನ್ನು ಸುಲಭವಾಗಿ ಗುರುತಿಸಬಹುದಾಗಿತ್ತು.

ಹಾಗಾದರೆ ಸಕ್ಕರೆಯ ಸುಳಿವು ಸಿಕ್ಕುವುದು ಹೇಗೆ? ನೀರಿಗೆ ಸಕ್ಕರೆ ಹಾಕಿದರೆ ಅದು ಒಂದಿಷ್ಟು ನೀರನ್ನು ಸರಿಸಿ ತಾನು ಜಾಗ ಹಿಡಿಯುತ್ತದೆ. ಹತ್ತಿರದ ನೀರಿನ ಅಣುಗಳನ್ನು ಹಿಡಿದುಕೊಂಡು ಅವುಗಳ ತಿರುಗಾಟವನ್ನು ಮಂದಗೊಳಿಸುತ್ತದೆ. ಇದರ ಫಲವಾಗಿ ದ್ರಾವಣದ ಪರಾವೈದ್ಯುತ ಸ್ಥಿರಾಂಕ ಸ್ವಲ್ಪ ಇಳಿಯುತ್ತದೆ. ನಾವು ನೋಡುವುದು ಸಕ್ಕರೆಯನ್ನಲ್ಲ, ಸಕ್ಕರೆಯಿಂದ ನೀರಿಗೆ ಆದ ಕೊರತೆಯನ್ನು.

ಆ ಕೊರತೆಯನ್ನು ಅಳೆಯುವ ಬಗೆ ತಿಳಿಯಬೇಕಾದರೆ ಜಲತರಂಗವಾದ್ಯವನ್ನು ನೆನೆಯಿರಿ. ಪಿಂಗಾಣಿಯ ಬಟ್ಟಲಿನಲ್ಲಿ ನೀರು ತುಂಬಿ ಕಡ್ಡಿಯಿಂದ ತಟ್ಟಿದರೆ ಒಂದು ಸ್ವರ ಹೊರಡುತ್ತದೆ; ನೀರನ್ನು ಸ್ವಲ್ಪ ತೆಗೆದರೆ ಸ್ವರ ಏರುತ್ತದೆ, ಹಾಕಿದರೆ ಇಳಿಯುತ್ತದೆ. ಬಟ್ಟಲನ್ನು ನೋಡದೆ ಸ್ವರ ಕೇಳಿಯೇ ನುರಿತವನು ನೀರೆಷ್ಟಿದೆಯೆಂದು ಹೇಳಬಲ್ಲನು. ಪ್ರಯೋಗಶಾಲೆಯಲ್ಲಿ ಬಟ್ಟಲಿನ ಬದಲು ತಾಮ್ರದ ಒಂದು ಸಣ್ಣ ಬಳೆಯನ್ನು, ಒಂದೆಡೆ ಸೀಳಿಬಿಟ್ಟು, ಉಪಯೋಗಿಸುತ್ತಾರೆ. ಇದಕ್ಕೆ ಅನುರಣಕವೆನ್ನೋಣ. ಸೂಕ್ಷ್ಮತರಂಗವನ್ನು ಹಾಯಿಸಿದಾಗ ಅದು ಒಂದು ಗೊತ್ತಾದ ಆವೃತ್ತಿಯಲ್ಲಿ ಮಾತ್ರ ಜೋರಾಗಿ ಮಿಡಿಯುತ್ತದೆ. ಸೀಳಿನ ಬಳಿ ಬೆರಳನ್ನೋ ಕಿವಿಯ ಹಾಲೆಯನ್ನೋ ಇಟ್ಟರೆ, ಬಟ್ಟಲಿಗೆ ನೀರು ಹೊಯ್ದಂತೆ, ಅದರ ಆವೃತ್ತಿ ಇಳಿಯುತ್ತದೆ. ಬೆರಳಿನೊಳಗಿನ ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ನೀರು ತುಸು ಕಡಿಮೆಯಾದಂತಾಗಿ ಆವೃತ್ತಿ ಕೂದಲೆಳೆಯಷ್ಟು ಏರಬೇಕು.

ಕೂದಲೆಳೆಯೆಂದರೆ ಎಷ್ಟು? ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಡೆಸಿಲೀಟರಿಗೆ 100 ಮಿಲಿಗ್ರಾಂ ಎಂದರೆ ಲೀಟರಿಗೆ ಒಂದು ಗ್ರಾಂ. ಗ್ಲೂಕೋಸಿನ ಅಣುತೂಕ 180, ನೀರಿನದು 18. ಒಂದು ಲೀಟರ್ ನೀರೆಂದರೆ 1,000 ಗ್ರಾಂ. ಗಣಿತ ಮಾಡಿದರೆ ಒಂದು ಗ್ಲೂಕೋಸ್ ಅಣುವಿಗೆ ಹತ್ತು ಸಾವಿರ ನೀರಿನ ಅಣುಗಳು ಎಂದು ಬರುತ್ತದೆ. ಕರಗಿದ ಒಂದು ಗ್ರಾಂ ಗ್ಲೂಕೋಸ್ ಹಿಡಿಯುವ ಜಾಗ ಸುಮಾರು 0.62 ಮಿಲಿಲೀಟರ್, ಲೀಟರಿನಲ್ಲಿ ಅದು ಶೇಕಡಾ 0.06. ನೀರಿನ ಸ್ಥಿರಾಂಕ 78.4 ಎಂದಿಟ್ಟುಕೊಂಡರೆ ಇಷ್ಟರಿಂದ ಆಗುವ ಇಳಿತ ಸುಮಾರು 0.05 ಮಾತ್ರ. ಅನುರಣಕದ ಆವೃತ್ತಿಯು ಸ್ಥಿರಾಂಕದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಅದು ಏರುವುದು ಶೇಕಡಾ 0.03, ಅದೂ ತರಂಗವೆಲ್ಲ ನೀರಿನೊಳಗೇ ಇದ್ದರೆ. ನಿಜವಾದ ಬಳೆಯಲ್ಲಿ ಒಂದು ಪಾಲು ಮಾತ್ರ ಬೆರಳನ್ನು ಹೊಗುತ್ತದೆ. ಸಂಗೀತ ಬಲ್ಲವರಿಗಾಗಿ ಹೇಳುವುದಾದರೆ, ಷಡ್ಜಕ್ಕೂ ಅದರ ಪಕ್ಕದ ಕೋಮಲ ರಿಷಭಕ್ಕೂ ನಡುವಣ ಅಂತರ ಸುಮಾರು ಶೇಕಡಾ 6. ಅದರ ಇನ್ನೂರನೆಯ ಒಂದು ಭಾಗದಷ್ಟು ಸ್ವರ ಕದಲಿದ್ದನ್ನು ನಮ್ಮ ಯಂತ್ರ ಕಿವಿಗೊಟ್ಟು ಕೇಳಬೇಕಾಗಿದೆ. ಇಂದಿನ ವಿದ್ಯುನ್ಮಾನ ಉಪಕರಣಗಳಿಗೆ ಇದು ಅಸಾಧ್ಯವಲ್ಲ. ಆದರೆ ಗಂಟೆ ಬಾರಿಸಿ ಕೈಯಿಂದ ಹಿಡಿದುಬಿಟ್ಟರೆ ನಾದ ಹೇಗೆ ಮೊಂಡಾಗುವುದೊ, ಹಾಗೆ ಹಸಿಯಾದ ಮಾಂಸ ಹತ್ತಿರ ಬಂದೊಡನೆ ಬಳೆಯ ಮಿಡಿತವೂ ಮೊಂಡಾಗುತ್ತದೆ. ಮೊಂಡುನಾದದಲ್ಲಿ ಶ್ರುತಿಯನ್ನು ಗುರುತಿಸುವುದು ಕಷ್ಟವೆಂದು ನಿಮಗೆ ಗೊತ್ತೇ ಇದೆ.

ಇಷ್ಟು ತೊಡಕಿದ್ದರೂ ಈ ತರಂಗಗಳನ್ನೇ ಏಕೆ ಹಿಡಿಯಬೇಕು? ಒಲೆಯ ಆವೃತ್ತಿಯ ಆಸುಪಾಸಿನ ತರಂಗಗಳು ಸ್ನಾಯುವಿನೊಳಗೆ ಎರಡು ಸೆಂಟಿಮೀಟರಿನಷ್ಟು ಆಳಕ್ಕೆ ಇಳಿಯುವುದರಿಂದ ಚರ್ಮವನ್ನು ದಾಟಿ ರಕ್ತನಾಳಗಳನ್ನು ಮುಟ್ಟಬಲ್ಲವು. ಆವೃತ್ತಿ ಹೆಚ್ಚಿದಂತೆ ಆಳ ಕಡಿಮೆ. 60 ಗಿಗಾಹರ್ಟ್ಸಿನ ಮಿಲಿಮೀಟರ್ ತರಂಗಗಳು ಒಂದು ಮಿಲಿಮೀಟರಿನೊಳಗೇ ಅಡಗುತ್ತವೆ. ಬಳೆಯನ್ನು ಮಾಡಲು ತಗಲುವ ವೆಚ್ಚವೂ ಅಲ್ಪ. ಅಪಾಯವಿಲ್ಲವೆ ಎಂದು ತಾಯಂದಿರು ಕೇಳುವುದು ಸಹಜ. ಕ್ಷ-ಕಿರಣಗಳಂತೆ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತೆಸೆಯುವ ಬಲ ಈ ತರಂಗಗಳಿಗಿಲ್ಲ. ಇಲ್ಲಿ ಬೇಕಾಗುವ ಶಕ್ತಿಯೂ ಮಿಲಿವಾಟಿನ ಮಟ್ಟದ್ದು, ಮೊಬೈಲು ಹೊರಸೂಸುವುದಕ್ಕಿಂತ ಬಹಳ ಕಡಿಮೆ.

ಅಮೆರಿಕದ ಟೆಕ್ಸಸ್ ಪ್ರಾಂತದ ಬೇಲರ್ ವಿಶ್ವವಿದ್ಯಾನಿಲಯದವರು 2008ರಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿಯುವ ಸುರುಳಿಯಾಕಾರದ ಸಂವೇದಕವೊಂದನ್ನು ವರ್ಣಿಸಿದರು. ಹೆಬ್ಬೆರಳನ್ನೇ ಆರಿಸಿದ್ದು ಅಲ್ಲಿ ರಕ್ತ ಹೇರಳ, ಕೊಬ್ಬು ಅಲ್ಪ ಎಂದು. ಆದರೆ ಒತ್ತಿದ ಬಲ ಹೆಚ್ಚುಕಡಿಮೆಯಾದರೆ ಬೆರಳಿನ ರಕ್ತ ಅತ್ತಿತ್ತ ಸರಿದು ಓದಿಕೆಯೂ ಬದಲಾಗುತ್ತದೆ. ಬ್ರಿಟನ್ನಿನ ವೇಲ್ಸಿನಲ್ಲಿರುವ ಕಾರ್ಡಿಫ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದ ಸಂವೇದಕದಲ್ಲಿ ಒಂದಲ್ಲ, ಎರಡು ಬಳೆಗಳು: ಒಂದು ಪರೀಕ್ಷಿಸುವ ವಸ್ತುವನ್ನು ನೋಡುತ್ತದೆ, ಅದರ ಅವಳಿ ಸುಮ್ಮನೆ ಪಕ್ಕದಲ್ಲಿದ್ದು ಸುತ್ತಲಿನ ಉಷ್ಣತೆಯ ಏರಿಳಿತವನ್ನು ಗುರುತು ಹಾಕಿಕೊಳ್ಳುತ್ತದೆ. ಎರಡರ ವ್ಯತ್ಯಾಸವನ್ನು ತೆಗೆದರೆ ಉಷ್ಣತೆಯಿಂದಾದ ತಪ್ಪು ಬಹುಮಟ್ಟಿಗೆ ಹಾರಿಹೋಗಬೇಕು. ಬೈರೂತಿನ ಅಮೆರಿಕನ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಮಂಡಿಸಿದ್ದು ಇನ್ನೂ ವಿನೋದವಾಗಿದೆ; ಅವರು ತಮ್ಮ ಆಂಟೆನಾಗಳನ್ನು ಮನುಷ್ಯನ ರಕ್ತನಾಳಗಳ ಕವಲುಗಳ ಆಕಾರದಲ್ಲಿಯೇ ರಚಿಸಿ, ತರಂಗವೆಲ್ಲ ನಾಳಗಳಿರುವ ಕಡೆಗೇ ಒಟ್ಟುಗೂಡುವಂತೆ ಮಾಡಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದವರು ರಾಡಾರಿನ ತತ್ತ್ವವನ್ನೇ ಚಿಕ್ಕದು ಮಾಡಿ ಮಣಿಕಟ್ಟಿಗೆ ತರಲು ಯತ್ನಿಸುತ್ತಿದ್ದಾರೆ. ಇನ್ಸುಲಿನ್ ಹುಟ್ಟಿದ ಟೊರಾಂಟೊ ಇರುವ ಪ್ರಾಂತದಲ್ಲಿಯೇ ವಾಟರ್ಲೂ ಇದೆ.

ಆದರೆ ಉಷ್ಣತೆಯೆಂದೆನಲ್ಲ, ಅದರ ಲೆಕ್ಕವನ್ನೂ ಮಾಡದೆ ಬಿಡಬಾರದು. ಶುದ್ಧವಾದ ನೀರಿನ ಸ್ಥಿರಾಂಕ 20 ಡಿಗ್ರಿಯಲ್ಲಿ 80.1, 25 ಡಿಗ್ರಿಯಲ್ಲಿ 78.4. ಎಂದರೆ ಒಂದು ಡಿಗ್ರಿಗೆ 0.34ರಷ್ಟು ಇಳಿತ. ನೂರು ಮಿಲಿಗ್ರಾಂ ಸಕ್ಕರೆಯಿಂದಾದ ಇಳಿತ 0.05 ಎಂದು ಈಗತಾನೆ ಕಂಡೆವು. ಅಂದಮೇಲೆ ಒಂದು ಡಿಗ್ರಿ ಶಾಖವು ಏಳುನೂರು ಮಿಲಿಗ್ರಾಂ ಸಕ್ಕರೆಯ ವೇಷ ಹಾಕಿಕೊಂಡು ಬರಬಲ್ಲದು! ಡಿಗ್ರಿಯ ಹತ್ತನೆಯ ಒಂದು ಭಾಗ ತಪ್ಪಿದರೂ ಓದಿಕೆಯಲ್ಲಿ 70 ಮಿಲಿಗ್ರಾಮಿನ ತಪ್ಪು. ಎರಡೂ ಸ್ಥಿರಾಂಕವನ್ನು ಒಂದೇ ದಿಕ್ಕಿಗೆ ತಳ್ಳುವುದರಿಂದ, ಬಿಸಿಲಿನಲ್ಲಿ ನಡೆದು ಬಂದವನ ಕೈ ಸಕ್ಕರೆ ಏರಿದವನ ಕೈಯಂತೆ ಕಂಡೀತು. ಇದು ಬರಿಯ ನೀರಿನ ಒರಟು ಲೆಕ್ಕ. ಜೀವಂತ ಅಂಗಾಂಶದಲ್ಲಿ ಆವೃತ್ತಿಗೆ ತಕ್ಕಂತೆ ಅಂಕೆಗಳು ಬದಲಾಗುತ್ತವೆ. ಕಷ್ಟದ ಗಾತ್ರವನ್ನು ತಿಳಿಯಲು ಇಷ್ಟು ಸಾಕು. ಇದರ ಮೇಲೆ ರಕ್ತದ ಉಪ್ಪು, ಒಬ್ಬೊಬ್ಬರಿಗೆ ಒಂದೊಂದು ದಪ್ಪದ ಚರ್ಮ, ಕುಡಿದ ನೀರಿನ ಪ್ರಮಾಣ, ಮುಂಬಯಿಯ ಮೇ ತಿಂಗಳಲ್ಲಂತೂ ಹೇಳಲೇಬೇಕಾಗಿಲ್ಲದ ಬೆವರು. ಅಲ್ಲದೆ ತರಂಗ ಹಾಯುವ ದಾರಿಯಲ್ಲಿ ರಕ್ತಕ್ಕಿಂತ ಜೀವಕೋಶಗಳೂ ಅವುಗಳ ನಡುವಿನ ದ್ರವವೂ ಹೆಚ್ಚು. ಆ ದ್ರವದ ಸಕ್ಕರೆ ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ.

ಇನ್ನೊಂದು ಮೋಸವಿದೆ, ಇದು ಯಂತ್ರದ್ದಲ್ಲ, ಪರೀಕ್ಷೆಯದು. ಇಂಥ ಸಂವೇದಕವನ್ನು ಸಾಮಾನ್ಯವಾಗಿ ಹೀಗೆ ಪರೀಕ್ಷಿಸುತ್ತಾರೆ: ಒಬ್ಬನನ್ನು ಕೂರಿಸಿ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸುತ್ತಾರೆ. ಅವನ ರಕ್ತದ ಸಕ್ಕರೆ ಒಂದು ಗಂಟೆಯೊಳಗೆ ಏರಿ ಮುಂದಿನ ಗಂಟೆಯಲ್ಲಿ ಇಳಿಯುತ್ತದೆ. ಸಂವೇದಕದ ಓದಿಕೆಯೂ ಏರಿ ಇಳಿದರೆ ಎರಡು ರೇಖೆಗಳನ್ನು ಒಂದರ ಮೇಲೊಂದು ಬಿಡಿಸಿ 'ಹೊಂದಿತು' ಎನ್ನುತ್ತಾರೆ. ಆದರೆ ಅದೇ ಎರಡು ಗಂಟೆಯಲ್ಲಿ ಅವನ ಕೈ ಬೆಚ್ಚಗಾಗಿ ಮತ್ತೆ ತಣ್ಣಗಾಗಿರಬಹುದು, ಯಂತ್ರವೇ ಕಾದು ಆರಿರಬಹುದು. ಒಂದೇ ಗುಡ್ಡದಾಕಾರದ ಎರಡು ರೇಖೆಗಳು ಹೊಂದಿದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆನ್ನಲಾಗದು. ಇದಕ್ಕೆ ಸುಲಭವಾದ ಪರಿಹಾರವೊಂದಿದೆ. ಇನ್ನೊಂದು ದಿನ ಅದೇ ಮನುಷ್ಯನಿಗೆ, ಅದೇ ವೇಳೆಗೆ, ಬರಿಯ ನೀರು ಕುಡಿಸಿ ನೋಡುವುದು. ಆಗಲೂ ಗುಡ್ಡ ಎದ್ದರೆ ಸಂವೇದಕ ಕಂಡದ್ದು ಸಕ್ಕರೆಯನ್ನಲ್ಲ. ಚುಚ್ಚದೆ ಅಳೆಯುವ ಯಂತ್ರ ಸಿದ್ಧವಾಯಿತೆಂಬ ವಾರ್ತೆಯನ್ನು ನೀವು ಓದಿದಾಗ ಈ ನೀರಿನ ಪರೀಕ್ಷೆ ನಡೆಯಿತೆ, ಎಷ್ಟು ಜನರ ಮೇಲೆ, ಎಷ್ಟು ದಿನ ಎಂದು ಕೇಳುವುದನ್ನು ರೂಢಿಸಿಕೊಳ್ಳಿ.

ಈ ಕ್ಷೇತ್ರದಲ್ಲಿ ಬಹುಕಾಲ ಕೆಲಸ ಮಾಡಿದ ಜಾನ್ ಸ್ಮಿತ್ ಎಂಬ ಅಮೆರಿಕದ ರಸಾಯನಜ್ಞನು ಚುಚ್ಚಿಲ್ಲದ ಅಳತೆಯ ಸೋಲುಗಳ ಕಥೆಯನ್ನೇ ಒಂದು ಪುಸ್ತಕ ಮಾಡಿದ್ದಾನೆ. ಬೇಟೆಗಾರನನ್ನು ವಂಚಿಸಿ ದೂರ ದೂರ ಎಳೆದೊಯ್ಯುವ ಟರ್ಕಿ ಕೋಳಿಗೆ ಈ ಅನ್ವೇಷಣೆಯನ್ನು ಅವನು ಹೋಲಿಸಿದನು. ನಮ್ಮವನಾಗಿದ್ದರೆ ಮಾಯಾಮೃಗವೆನ್ನುತ್ತಿದ್ದನು. 2001ರಲ್ಲಿ ಅಮೆರಿಕದ ಸರ್ಕಾರದ ಅನುಮತಿ ಪಡೆದ ಒಂದು ಮಣಿಕಟ್ಟಿನ ಯಂತ್ರವು ಸಣ್ಣ ವಿದ್ಯುತ್ತಿನಿಂದ ಚರ್ಮದೊಳಗಿನ ದ್ರವವನ್ನು ಹೀರಿ ಅಳೆಯುತ್ತಿತ್ತು. ಚರ್ಮ ಉರಿಯುತ್ತದೆಂದು ಜನ ದೂರಿದರು, ಕೆಲವು ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಬೆರಳು ಚುಚ್ಚುವ ಯಂತ್ರಗಳಿಗೆ 2013ರಲ್ಲಿ ನಿಗದಿಯಾದ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ನೂರು ಓದಿಕೆಗಳಲ್ಲಿ 95 ಓದಿಕೆಗಳಾದರೂ ನಿಜಕ್ಕೆ ಹತ್ತಿರವಿರಬೇಕು. ಸಕ್ಕರೆ 100ಕ್ಕಿಂತ ಕೆಳಗಿದ್ದಾಗ 15 ಮಿಲಿಗ್ರಾಂ, ಮೇಲಿದ್ದಾಗ ಶೇಕಡಾ 15, ಇದಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಹೊಸ ಯಂತ್ರವೂ ಇದೇ ಒರೆಗಲ್ಲಿಗೆ ನಿಲ್ಲಬೇಕು.

ಹೀಗಿರುವಾಗ ಚುಚ್ಚದೆ ಸಕ್ಕರೆ ತೋರಿಸುತ್ತೇವೆಂಬ ಅಗ್ಗದ ಕೈಗಡಿಯಾರಗಳು ಉಂಗುರಗಳು ಮಾರಾಟಕ್ಕೆ ಬಂದಿವೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಚರ್ಮವನ್ನು ಚುಚ್ಚದೆ ತಾನಾಗಿಯೇ ರಕ್ತದ ಸಕ್ಕರೆಯನ್ನು ಅಳೆಯುವ ಯಾವ ಗಡಿಯಾರಕ್ಕಾಗಲಿ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲವೆಂದೂ ಅವುಗಳನ್ನು ನಂಬಬಾರದೆಂದೂ ಸಾರ್ವಜನಿಕರನ್ನು ಎಚ್ಚರಿಸಿತು. ಮನೆಯ ಹಿರಿಯರಿಗೆ ಯಾರಾದರೂ ಅಕ್ಕರೆಯಿಂದ ಅಂಥದೊಂದನ್ನು ತಂದುಕೊಟ್ಟಿದ್ದರೆ ಒಂದು ಬಾಳೆಹಣ್ಣಿಗೆ ಕಟ್ಟಿ ನೋಡಿ. ಅಲ್ಲಿಯೂ 110 ಎಂದು ತೋರಿಸಿದರೆ ಅದು ಯಾರ ರಕ್ತವೆಂದು ಅಂಗಡಿಯವನನ್ನು ಕೇಳಬಹುದು. ನಗುವ ವಿಷಯ ಇಷ್ಟೇ. ಆ ಅಂಕಿಯನ್ನು ನೋಡಿ ಇನ್ಸುಲಿನ್ನಿನ ಪ್ರಮಾಣವನ್ನು ಏರಿಸಿದರೆ ಆಗುವುದು ನಗುವ ವಿಷಯವಲ್ಲ.

ನನ್ನ ಅಭಿಪ್ರಾಯದಲ್ಲಿ ಸೂಕ್ಷ್ಮತರಂಗಗಳ ಮೊದಲ ಉಪಯೋಗ ಅಂಕಿಯನ್ನು ಹೇಳುವುದರಲ್ಲಿ ಇರಲಾರದು, ದಿಕ್ಕನ್ನು ತೋರಿಸುವುದರಲ್ಲಿ ಇದ್ದೀತು. ಮಧುಮೇಹವಿರುವ ಮಗು ರಾತ್ರಿ ಮಲಗಿದಾಗ ಸಕ್ಕರೆ ಇಳಿದೀತೆಂಬ ಭಯದಿಂದ ತಾಯಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಎದ್ದು ಬೆರಳು ಚುಚ್ಚಿ ನೋಡುವ ಮನೆಗಳಿವೆ. ಸರಿಯಾಗಿ 62 ಎಂದು ಹೇಳದಿದ್ದರೂ, 'ಇಳಿಯುತ್ತಿದೆ, ಎದ್ದು ಪಟ್ಟಿಯಿಂದ ಪರೀಕ್ಷಿಸು' ಎಂದು ಗಂಟೆ ಬಾರಿಸುವ ಒಂದು ಬಿಲ್ಲೆಯಾದರೂ ಆ ತಾಯಿಗೆ ನಿದ್ದೆ ಕೊಟ್ಟೀತು. ಆದರೆ ಇಲ್ಲಿಯೂ ಒಂದು ತೊಡಕು ಕಾದಿದೆ. ಸಕ್ಕರೆ ತೀರ ಇಳಿದಾಗ ದೇಹವು ಮೊದಲು ಮಾಡುವ ಕೆಲಸಗಳಲ್ಲಿ ಒಂದು ಬೆವರುವುದು. ಉಪ್ಪುನೀರಿನ ಆ ಪೊರೆ ಚರ್ಮಕ್ಕೂ ಬಳೆಗೂ ನಡುವೆ ಬಂದು ನಿಲ್ಲುತ್ತದೆ. ಸಂವೇದಕ ಎಲ್ಲಕ್ಕಿಂತ ಸ್ಪಷ್ಟವಾಗಿ ನೋಡಬೇಕಾದ ಗಳಿಗೆಯಲ್ಲಿಯೇ ಅದರ ಕಣ್ಣು ಮಂಜಾಗುತ್ತದೆ. ಆದುದರಿಂದಲೇ ಈಗಿನ ಪ್ರಯೋಗಶಾಲೆಗಳಲ್ಲಿ ಸೂಕ್ಷ್ಮತರಂಗದ ಬಳೆಯ ಪಕ್ಕದಲ್ಲಿ ಉಷ್ಣತೆಯನ್ನೂ ಬೆವರನ್ನೂ ಅಳೆಯುವ ಬೇರೆ ಬೇರೆ ಸಂವೇದಕಗಳನ್ನು ಕೂರಿಸಿ, ಅವುಗಳ ಸಾಕ್ಷ್ಯವನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಯತ್ನ ನಡೆದಿದೆ.